ಹಿಟ್ಟಿನ ಮನೆಯ ಬಿಳಿ ಪುಡಿ

ಜನವರಿ 8

ಅವಸರದ ರಾಣಿಗೆ,

ಕ್ಷೇಮವಾಗಿ ಬಂದು ಸೇರಿದೆ. ಬಸ್ಸಿನಲ್ಲಿ ವಾಂತಿಯಾದದ್ದನ್ನು ಬಿಟ್ಟರೆ ಪ್ರಯಾಣ ಸುಖವಾಗಿತ್ತು. ನಿನ್ನ ಗಂಡ ಹೆಂಗಸರ ವಾರ್ಡಿನ ಬಾಗಿಲವರೆಗೆ ಬಂದು, ಚೀಲ ನನ್ನ ಕೈಗಿತ್ತು, ಏನೋ ಹೇಳಲು ಬಾಯಿ ತೆರೆದು, ಕೊನೆಗೆ “ಅತ್ತಿಗೆ, ಬರ್ತೀನಿ” ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಓಡಿದ. ಊರೆಲ್ಲ ಬ್ರೆಡ್ಡಿನ ವ್ಯಾನು ಓಡಿಸುವ ಮನುಷ್ಯನಿಗೆ ಆಸ್ಪತ್ರೆಯ ವಾಸನೆ ಕಂಡರೆ ಇಷ್ಟು ಪುಕ್ಕಲು ಎಂದು ನನಗೆ ಗೊತ್ತಿರಲಿಲ್ಲ.

ಇಲ್ಲಿ ಫೋನಿರುವುದು ಒಂದೇ, ಅದೂ ಸಿಸ್ಟರ್ ಮೇಜಿನ ಮೇಲೆ. ಮಾತಾಡಿದರೆ ಇಡೀ ವಾರ್ಡಿಗೆ ಕೇಳಿಸುತ್ತದೆ. ಅದಕ್ಕೇ ಕಾಗದ. ನಾನು ಬರೆಯುವುದನ್ನು ನೋಡಿ ಸಿಸ್ಟರ್ ಕೇಳಿದರು, “ಯಾರಿಗಮ್ಮ, ಮಗಳಿಗಾ?”

“ಮಕ್ಕಳಿಲ್ಲ. ವಾರಗಿತ್ತಿಗೆ.”

“ವಾರಗಿತ್ತಿಗೆ ಯಾರಾದ್ರೂ ಕಾಗದ ಬರೀತಾರಾ?”

“ಒಂದೇ ಬೇಕರಿ ಇಬ್ರೂ ನಡೆಸ್ತೀವಲ್ಲ, ಬರೀಲಿಲ್ಲ ಅಂದ್ರೆ ಅವಳು ನನ್ನ ಬ್ರೆಡ್ಡನ್ನ ಕಲ್ಲು ಮಾಡಿ ಇಡ್ತಾಳೆ” ಎಂದೆ. ಸಿಸ್ಟರ್ ನಕ್ಕರು.

ನಿನ್ನೆ ಬೆಳ್ಳಗಿನ ಗಂಜಿಯಂಥದ್ದನ್ನು ಕುಡಿಸಿ ಎಕ್ಸ್‌ರೇ ತೆಗೆದರು. ಸಕ್ಕರೆ ಹಾಕಲು ಮರೆತ ಕೇಕಿನ ಕ್ರೀಮಿನ ಹಾಗಿತ್ತು. ಆಮೇಲೆ ದೊಡ್ಡ ಡಾಕ್ಟರು ಬಂದು, ಚಿತ್ರವನ್ನು ಕಿಟಕಿಗೆ ಹಿಡಿದು ನನಗೂ ತೋರಿಸಿದರು. “ನೋಡಿ, ಹೊಟ್ಟೆ ಮುಗಿದು ಕರುಳು ಶುರುವಾಗೋ ಜಾಗ ಇದು. ಹುಣ್ಣು ಇಲ್ಲೇ ಬರತ್ತೆ, ವಾಸಿ ಆಗತ್ತೆ, ಮತ್ತೆ ಇಲ್ಲೇ ಬರತ್ತೆ. ಐದು ವರ್ಷದ ಹಿಂದೆ ತೂತು ಬಿದ್ದಾಗ ತೂತು ಮುಚ್ಚಿ ಕಳಿಸಿದ್ರು, ಹುಣ್ಣಿನ ಮೂಲ ಹಾಗೇ ಉಳೀತು. ಪ್ರತಿ ಸಲ ವಾಸಿ ಆದಾಗ್ಲೂ ಕಲೆ ಗಟ್ಟಿಯಾಗಿ ದಾರಿ ಕಿರಿದಾಗ್ತಾ ಬಂದಿದೆ. ಅದಕ್ಕೇ ತಿಂದಿದ್ದು ಕೆಳಗೆ ಇಳೀತಿಲ್ಲ.”

“ಮಾತ್ರೆ ಕೊಟ್ಟು ನೋಡಿ” ಎಂದೆ. “ಮಾತ್ರೆ ಕಾಲ ಮುಗೀತಮ್ಮ” ಎಂದರು. ಹೊಟ್ಟೆಗೆ ಹುಳಿ ಸುರಿಸು ಎಂದು ಹೇಳುವ ನರವನ್ನು ಕತ್ತರಿಸಿ, ಹೊಟ್ಟೆಗೂ ಕೆಳಗಿನ ಕರುಳಿಗೂ ಹೊಸ ಬಾಯಿ ಜೋಡಿಸುತ್ತಾರಂತೆ. ಹೀಗೇ ಬಿಟ್ಟರೆ ಇರುವ ದಾರಿಯೂ ಮುಚ್ಚಿಹೋಗುತ್ತದೆ, ಆಮೇಲೆ ದೇವರೇ ಗತಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡರು ಎನ್ನಬೇಡ, ಉಗುರಿನ ಕಾಲ ನಾನೇ ಕಳೆದುಕೊಂಡೆ. ಮಾಡಿಸಿಕೊಳ್ಳುತ್ತೇನೆ ಎಂದು ಅಲ್ಲೇ ಹೇಳಿಬಿಟ್ಟೆ. ಮುಂದಿನ ವಾರ.

ಏನೇನು ಔಷಧಿ ತೆಗೆದುಕೊಳ್ಳುತ್ತೀರಿ ಎಂದೂ ಕೇಳಿದರು. ಯಾವುದೂ ಇಲ್ಲ ಎಂದೆ. ಅದು ನಿಜ ತಾನೆ, ಮಾತ್ರೆ ನುಂಗುವ ಪೈಕಿ ಅಲ್ಲ ನಾನು.

ಬ್ರೆಡ್ಡು ಉಬ್ಬಿಸುವ ಹುಳಿಹಿಟ್ಟಿಗೆ ಎರಡು ಹೊತ್ತೂ ಹಿಟ್ಟು ನೀರು ಹಾಕು. ನಾದುವ ಮೊದಲು ನಾಲಿಗೆಗೆ ಹಚ್ಚಿ ನೋಡು. ನಿನಗೆ ಹುಳಿ ಗೊತ್ತಾಗುವುದಿಲ್ಲ, ಆದರೂ ನೋಡು. ಇನ್ನೊಂದು, ಅಡುಗೆ ಸೋಡಾ ಒಂದು ಡಬ್ಬಿ ಬಸ್ಸಿನ ಪಾರ್ಸೆಲಿನಲ್ಲಿ ಕಳಿಸು. ಇಲ್ಲಿಯ ಲೋಟಗಳ ಕರೆ ಯಾವ ಸೋಪಿಗೂ ಜಗ್ಗುವುದಿಲ್ಲ.

ನಿನ್ನ ಅಕ್ಕ


ಜನವರಿ 13

ಅಕ್ಕನವರಿಗೆ ನಮಸ್ಕಾರಗಳು,

ನಿಮ್ಮ ಕಾಗದ ಬಂತು. ಸೋಡಾ ಇದರ ಜೊತೆಯ ಪಾರ್ಸೆಲಿನಲ್ಲಿದೆ. ಆಸ್ಪತ್ರೆಗೆ ಹೋದರೂ ಪಾತ್ರೆ ಬೆಳಗುವುದನ್ನು ಬಿಡದವರು ನೀವೊಬ್ಬರೇ ಇರಬೇಕು.

ಇಲ್ಲಿ ಎಲ್ಲವೂ ಸರಿಯಾಗಿದೆ. ಬ್ರೆಡ್ಡು ಚೆನ್ನಾಗಿ ಉಬ್ಬುತ್ತಿದೆ. ಹುಳಿಹಿಟ್ಟನ್ನು ನೀವು ಹೇಳಿದ ಹಾಗೆಯೇ ನೋಡಿಕೊಳ್ಳುತ್ತಿದ್ದೇನೆ. ನಾಲಿಗೆಗೂ ಹಚ್ಚಿ ನೋಡುತ್ತೇನೆ. ನನಗೆ ಹುಳಿ ಗೊತ್ತಾಗುತ್ತದೆ ಅಕ್ಕ, ನೀವು ಯಾವತ್ತೂ ಕೇಳಿಲ್ಲ ಅಷ್ಟೆ.

ಎದುರುಮನೆಯ ಇಸ್ತ್ರಿ ಅಂಗಡಿಯಾಕೆ ಬನ್ನು ಕೊಳ್ಳಲು ಬಂದವಳು, “ನಿನ್ನ ವಾರಗಿತ್ತಿಗೆ ಹೊಟ್ಟೇಲಿ ಹುಣ್ಣಂತೆ? ಎಲ್ಲಾ ಹೊಟ್ಟೆಕಿಚ್ಚಿಂದ ಬರೋದು” ಎಂದಳು. “ಹಾಗಾದ್ರೆ ನಿಮಗೆ ಯಾವಾಗಲೋ ಬರಬೇಕಿತ್ತಲ್ಲ?” ಎಂದೆ. ಬನ್ನು ಬಿಟ್ಟು ಹೋದಳು. ಒಬ್ಬ ಗಿರಾಕಿ ಕಡಿಮೆಯಾಯಿತು, ಬಯ್ಯಬೇಡಿ.

ಆಪರೇಷನ್ ಆದ ಮೇಲೆ ಏನು ತಿನ್ನಬಹುದು ಎಂದು ಡಾಕ್ಟರನ್ನು ಕೇಳಿ ಬರೆಯಿರಿ, ಅದಕ್ಕೆ ತಕ್ಕ ಹಾಗೆ ಮೆತ್ತಗಿನ ಬ್ರೆಡ್ಡು ಮಾಡಿ ಕಳಿಸುತ್ತೇನೆ. ಇವರಿಗೆ ಕೆಲಸ ಹೆಚ್ಚು, ನಿಮ್ಮನ್ನು ನೋಡಲು ಆಗಾಗ ಬರಲಾಗದು. ನೀವೇನೂ ಅಂದುಕೊಳ್ಳಬಾರದು.

ನಿಮ್ಮ ತಂಗಿ


ಜನವರಿ 22

ಅವಸರದ ರಾಣಿಗೆ,

ಸೋಡಾ ತಲುಪಿತು. ಆಪರೇಷನ್ ಇನ್ನೂ ಆಗಿಲ್ಲ. ದೊಡ್ಡ ಡಾಕ್ಟರಿಗೆ ಪುರುಸೊತ್ತಿಲ್ಲ, ನನಗಿಂತ ಕೆಟ್ಟ ಹೊಟ್ಟೆಗಳು ಸಾಲಾಗಿ ನಿಂತಿವೆ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡ.

ತಲೆ ಕೆಡಿಸಿಕೊಳ್ಳಬೇಕಾದದ್ದು ಬೇರೆ ಇದೆ. ನಿನ್ನ ಗಂಡ ಕಾರ್ಡು ಹಾಕಿದ್ದಾನೆ. ಕ್ಷೇಮ ಸಮಾಚಾರದ ನಡುವೆ, ‘ಹಾಸ್ಟೆಲಿನವರು ಬ್ರೆಡ್ಡು ವಾಪಸು ಕಳಿಸಿದರು, ಆದರೂ ಯೋಚನೆ ಮಾಡಬೇಡಿ’ ಎಂದು ಒಂದು ಸಾಲು. ನನ್ನ ಮೈದುನನಿಗೆ ಸುಳ್ಳು ಹೇಳಲು ಬರುವುದಿಲ್ಲ, ಪಾಪ. ನಿನಗೆ ಬರುತ್ತದೆ. ‘ಎಲ್ಲವೂ ಸರಿಯಾಗಿದೆ’ ಎಂದು ಬರೆದೆಯಲ್ಲ? ನಿಮ್ಮ ಭಾವ ತೀರಿಕೊಂಡ ವರ್ಷವೂ ಆ ಹಾಸ್ಟೆಲನ್ನು ನಾನು ಕೈಬಿಟ್ಟಿರಲಿಲ್ಲ. ನಾನು ಬೆನ್ನು ತಿರುಗಿಸಿದ್ದೇ ತಡ, ನಿನ್ನ ಹತ್ತಿಯಂಥ ಬ್ರೆಡ್ಡು ಶುರುಮಾಡಿದೆಯೋ ಹೇಗೆ? ನನ್ನ ಮಂಚ ಇಲ್ಲಿರುವುದು ನಿನಗೆ ಅನುಕೂಲವೇ ಆಯಿತು ಎಂದು ಕಾಣುತ್ತದೆ.

ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಬೆರಳುಗಳಿಗೆ ಜೋಮು ಹಿಡಿಯುತ್ತದೆ, ಕೆಲವು ಸಲ ಸೆಟೆದು ಒಳಕ್ಕೆ ಮಡಚಿಕೊಳ್ಳುತ್ತವೆ. ಹಾಸಿಗೆಯಲ್ಲಿ ಸುಮ್ಮನೆ ಬಿದ್ದುಕೊಂಡರೆ ಇನ್ನೇನಾಗುತ್ತದೆ. ಹಿಟ್ಟು ನಾದಿದ ಕೈ ಇದು.

ಸೋಡಾ ಇನ್ನೊಂದು ಡಬ್ಬಿ ಕಳಿಸು. ದೊಡ್ಡದೇ ಕಳಿಸು.

ಅಕ್ಕ


ಜನವರಿ 27

ಅಕ್ಕನವರಿಗೆ,

ಹೌದು, ವಾಪಸು ಕಳಿಸಿದರು. ಮೂರು ದಿನ ಬ್ರೆಡ್ಡು ಚಪ್ಪಟೆಯಾಗಿ ಬಂತು, ಹುಳಿ ಮೇಲಾಗಿತ್ತು. ನಿಮಗೆ ಬರೆದರೆ ಆಪರೇಷನ್ ಮೇಜಿನಿಂದ ಎದ್ದು ಬರುತ್ತೀರಿ ಎಂದು ಬರೆಯಲಿಲ್ಲ. ಹುಳಿಹಿಟ್ಟನ್ನು ಅರ್ಧ ಚೆಲ್ಲಿ ಹೊಸದಾಗಿ ಕಟ್ಟಿದೆ. ಹೊಸ ಬ್ರೆಡ್ಡು ಹೊತ್ತುಕೊಂಡು ನಾನೇ ಹಾಸ್ಟೆಲಿಗೆ ಹೋದೆ, ಅಡುಗೆಯವರ ಮುಂದೆ ಕತ್ತರಿಸಿ ತಿನ್ನಿಸಿದೆ. ಈಗ ಮೊದಲಿಗಿಂತ ಹೆಚ್ಚು ತೆಗೆದುಕೊಳ್ಳುತ್ತಿದ್ದಾರೆ. ಅದನ್ನು ನಿಮ್ಮ ಮೈದುನರು ಕಾರ್ಡಿನಲ್ಲಿ ಬರೆಯಲಿಲ್ಲವೇ?

ನಿಮ್ಮ ಮಂಚ ಅಲ್ಲಿರುವುದು ನನಗೆ ಅನುಕೂಲ ಎಂದು ಬರೆದಿರಿ. ಹನ್ನೊಂದು ವರ್ಷ ಒಂದೇ ಮೇಜಿನ ಎರಡು ಕಡೆ ನಿಂತು ಹಿಟ್ಟು ನಾದಿದ್ದೇವೆ. ನನಗೆ ತುಂಬಾ ನೋವಾಯಿತು. ಹೊಟ್ಟೆಗೆ ಹಾಕಿಕೊಳ್ಳುತ್ತೇನೆ ಎನ್ನೋಣವೆಂದರೆ ಈ ಮನೆಯಲ್ಲಿ ಹೊಟ್ಟೆಗೆ ಹಾಕಿಕೊಂಡವರ ಗತಿ ಕಣ್ಣಮುಂದೆಯೇ ಇದೆ.

ಸೋಡಾ ದೊಡ್ಡ ಡಬ್ಬಿ ಕಳಿಸಿದ್ದೇನೆ. ಆಸ್ಪತ್ರೆಯ ಲೋಟಗಳನ್ನೆಲ್ಲ ಬೆಳಗಿರಿ, ಸಾಲದಿದ್ದರೆ ಡಾಕ್ಟರನ್ನೂ ಬೆಳಗಿರಿ.

ತಂಗಿ


ಫೆಬ್ರವರಿ 4

ತಂಗಿಗೆ,

ನಿನ್ನ ಕಾಗದ ಓದಿದೆ. ಆ ಮಾತು ಬರೆಯಬಾರದಿತ್ತು. ಬರೆದಾಯಿತು. ನನ್ನ ನಾಲಿಗೆ ಎಂಥದ್ದೆಂದು ನಿನಗೆ ಹೊಸದಲ್ಲ.

ನಾನೂ ಒಂದು ನಿಜ ಹೇಳುತ್ತೇನೆ. ಡಾಕ್ಟರಿಗೆ ಪುರುಸೊತ್ತಿಲ್ಲ ಎಂದದ್ದು ಸುಳ್ಳು. ಎರಡು ಸಲ ದಿನ ಗೊತ್ತುಮಾಡಿ ಎರಡು ಸಲವೂ ರದ್ದು ಮಾಡಿದರು. ರಕ್ತದಲ್ಲಿ ಉಪ್ಪುಗಳ ಲೆಕ್ಕ ತಪ್ಪಿದೆಯಂತೆ, ಕ್ಷಾರ ಮಿತಿಮೀರಿದೆಯಂತೆ. ಹಾಗಿರುವಾಗ ಅರಿವಳಿಕೆ ಕೊಟ್ಟರೆ ಎದೆಬಡಿತವೇ ನಿಂತುಹೋಗಬಹುದಂತೆ. ವಾಂತಿಯಿಂದ ಹೀಗಾಗುವುದು ಸಹಜ, ಡ್ರಿಪ್ ಹಾಕಿದರೆ ಸರಿಹೋಗುತ್ತದೆ ಎಂದರು. ಹಾಕಿದರು. ಸರಿಹೋಗುತ್ತಾ ಬರುತ್ತದೆ, ಆಪರೇಷನ್ನಿಗೆ ತಯಾರು ಮಾಡುವಷ್ಟರಲ್ಲಿ ಮತ್ತೆ ಕೆಡುತ್ತದೆ. ದೊಡ್ಡ ಡಾಕ್ಟರು ತಲೆ ಕೆರೆದುಕೊಂಡು, “ಅಮ್ಮಾ, ನೀವು ನಮಗೆ ಹೇಳದೆ ಏನಾದ್ರೂ ಔಷಧಿ ತಗೊಳ್ತಿದೀರಾ?” ಎಂದು ಮತ್ತೆ ಕೇಳಿದರು. “ದೇವರಾಣೆಗೂ ಇಲ್ಲ” ಎಂದೆ. ಪಕ್ಕದ ಮಂಚದ ಟೈಲರಮ್ಮನೂ ಸಾಕ್ಷಿ ಹೇಳಿದಳು.

ಇದು ಮುಗಿಯುವ ಕೆಲಸವಲ್ಲ. ನಾನು ತೀರ್ಮಾನ ಮಾಡಿದ್ದೇನೆ. ಈ ತಿಂಗಳ ಹದಿನೈದಕ್ಕೆ ಹೆಸರು ಹೊಡೆಸಿಕೊಂಡು ಬಂದುಬಿಡುತ್ತೇನೆ. ಹೋದರೆ ದಾರಿ ಪೂರ್ತಿ ಮುಚ್ಚುತ್ತದೆ, ಉಪವಾಸ ಸಾಯಬೇಕಾಗುತ್ತದೆ ಎಂದು ಡಾಕ್ಟರು ಗದರಿದರು. ಇಲ್ಲಿ ಮೂಗಿಗೆ ಕೊಳವೆ ಹಾಕಿಕೊಂಡು ಸಾಯುವುದಕ್ಕಿಂತ ಭಟ್ಟಿಯ ಮುಂದೆ ನಿಂತು ಸಾಯುತ್ತೇನೆ. ನಿನ್ನ ಗಂಡನನ್ನು ಕಳಿಸು.

ಅಕ್ಕ


ಫೆಬ್ರವರಿ 8

ಅಕ್ಕಾ,

ಇವರನ್ನು ಕಳಿಸುವುದಿಲ್ಲ. ಮೊದಲು ಈ ಕಾಗದವನ್ನು ಕೊನೆಯವರೆಗೂ ಓದಿ. ಮಧ್ಯದಲ್ಲಿ ಸಿಟ್ಟು ಬರುತ್ತದೆ, ಬರಲಿ.

ಕ್ಷಾರ ಎಂದು ಬರೆದಿರಿ. ಓದಿ ಬ್ರೆಡ್ಡು ಭಟ್ಟಿಯಿಂದ ತೆಗೆಯುವುದನ್ನೂ ಮರೆತು ನಿಂತೆ. ಹಿಟ್ಟಿನ ಹುಳಿ ಮೇಲಾದಾಗ ನಾವು ಏನು ಹಾಕುತ್ತೇವೆ? ಒಂದು ಚಿಟಿಕೆ ಸೋಡಾ. ಹುಳಿಯನ್ನು ಕೊಲ್ಲುವುದು ಅದೇ. ಹೆಚ್ಚಾದರೆ ಹಿಟ್ಟು ಸಾಬೂನಿನ ರುಚಿಗೆ ತಿರುಗಿ ಕೆಡುತ್ತದೆ. ಇದನ್ನು ನನಗೆ ಕಲಿಸಿದ್ದೇ ನೀವು.

ಆಮೇಲೆ ಮೇಲಿನ ಹಲಗೆಯ ಸೋಡಾ ಡಬ್ಬ ತೆಗೆದು ನೋಡಿದೆ. ಹಿಟ್ಟು ಹುಳಿಯಾದ ಅಪರೂಪದ ದಿನ ಬಿಟ್ಟರೆ ನಾವು ಸೋಡಾ ಹಾಕುವುದು ಬಿಸ್ಕತ್ತಿಗೆ ಮಾತ್ರ, ಅದೂ ಉಗುರಿನಷ್ಟು. ನೀವಿದ್ದಾಗ ಆ ಡಬ್ಬ ವಾರ ವಾರ ಖಾಲಿಯಾಗುತ್ತಿತ್ತು. ನೀವು ಹೋದ ಮೇಲೆ ಇಳಿದದ್ದೇ ಗೊತ್ತಾಗುವುದಿಲ್ಲ. ಬಿಸ್ಕತ್ತು ಮಾತ್ರ ಮೊದಲಿನಷ್ಟೇ ಮಾಡುತ್ತಿದ್ದೇನೆ.

ನಿಮ್ಮ ಏಪ್ರನ್ನಿನ ಜೇಬಿನಲ್ಲಿ ಯಾವಾಗಲೂ ಬಿಳಿ ಪುಡಿ ಇರುತ್ತಿತ್ತು. ನಾನೇ ಎಷ್ಟು ಸಲ ಒಗೆದಿದ್ದೇನೆ. ಮೈದಾ ಎಂದುಕೊಂಡೆ. ಹಿಟ್ಟಿನ ಮನೆಯಲ್ಲಿ ಬಿಳಿ ಪುಡಿ ಯಾರ ಕಣ್ಣಿಗೆ ಬೀಳುತ್ತದೆ ಅಕ್ಕ? ನೀವು ಭಟ್ಟಿಯ ಹಿಂದೆ ಹೋಗಿ ನೀರು ಕುಡಿದು ಬರುತ್ತಿದ್ದದ್ದು, ಬಂದ ಮೇಲೆ ಉದ್ದಕ್ಕೆ ತೇಗುತ್ತಿದ್ದದ್ದು, ಆಮೇಲೆ ಸ್ವಲ್ಪ ಹೊತ್ತು ನಿಮ್ಮ ಮುಖ ತಿಳಿಯಾಗುತ್ತಿದ್ದದ್ದು ಎಲ್ಲ ಈಗ ಒಂದೊಂದಾಗಿ ನೆನಪಾಗುತ್ತಿದೆ. ನಿಮಗೆ ನನ್ನ ಮೇಲೆ ಅಸಡ್ಡೆ, ಅದಕ್ಕೇ ಮಾತಾಡದೆ ಎದ್ದು ಹೋಗುತ್ತೀರಿ ಎಂದು ನಾನು ತಿಳಿದುಕೊಂಡಿದ್ದೆ. ನೋವು ಮರೆಸಲು ಹೋಗುತ್ತಿದ್ದಿರಿ ಎಂದು ಹೊಳೆಯಲೇ ಇಲ್ಲ.

ಆ ಎರಡು ಡಬ್ಬಿಗಳನ್ನು ಪಾರ್ಸೆಲು ಮಾಡಿದವಳು ನಾನು. ಅಲ್ಲಿ ಡಾಕ್ಟರು ಡ್ರಿಪ್ ಹಾಕುತ್ತಿದ್ದಾರೆ, ಇಲ್ಲಿಂದ ನಾನು ಡಬ್ಬಿ ಕಟ್ಟುತ್ತಿದ್ದೇನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಕೋಣ ನಾನೇ ಆದೆ.

ಈಗ ಕೇಳಿ. ಡಾಕ್ಟರಿಗೆ ನೀವೇ ಹೇಳಬೇಕು. ನಾನು ಅವರಿಗೂ ಒಂದು ಕಾಗದ ಬರೆದು ಲಕೋಟೆಯಲ್ಲಿಟ್ಟಿದ್ದೇನೆ. ಇದನ್ನು ಇವತ್ತು ಅಂಚೆಗೆ ಹಾಕುತ್ತೇನೆ, ಅದನ್ನು ಗುರುವಾರ ಹಾಕುತ್ತೇನೆ. ಅದು ತಲುಪುವುದರೊಳಗೆ ನಿಮ್ಮ ಬಾಯಿಂದಲೇ ಬಂದರೆ ನಿಮ್ಮ ಮರ್ಯಾದೆ ನಿಮಗೆ ಉಳಿಯುತ್ತದೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಎದ್ದು ಬಂದು ಒದೆಯಿರಿ ಅಕ್ಕ, ಆದರೆ ಆಪರೇಷನ್ ಮಾಡಿಸಿಕೊಂಡೇ ಏಳಿ.

ನಿಮ್ಮ ತಂಗಿ


ಫೆಬ್ರವರಿ 13

ಕೋಣಮ್ಮನಿಗೆ,

ನಿನ್ನ ಕಾಗದವನ್ನು ಹರಿದು ಹಾಕಿದೆ. ಆಮೇಲೆ ಚೂರುಗಳನ್ನು ಜೋಡಿಸಿ ಮತ್ತೆ ಓದಿದೆ. ನನಗೇ ಬೆದರಿಕೆ ಹಾಕುವಷ್ಟು ದೊಡ್ಡವಳಾದೆಯಾ? ನನ್ನ ಮೇಲೆ ಡಾಕ್ಟರಿಗೆ ಚಾಡಿ ಬರೆಯುತ್ತೀಯಾ? ಆ ದಿನವೆಲ್ಲ ಗೋಡೆಯ ಕಡೆ ತಿರುಗಿ ಮಲಗಿದ್ದೆ. ಟೈಲರಮ್ಮ, “ಏನಾಯ್ತ್ರೀ, ಊರಲ್ಲಿ ಯಾರಾದ್ರೂ ಹೋದ್ರಾ?” ಎಂದಳು. “ನನ್ನ ಮಾನ ಹೋಯ್ತು” ಎಂದೆ.

ಮಾರನೆಯ ದಿನ ಡಾಕ್ಟರು ಬಂದಾಗ ಕರೆದೆ.

“ಡಾಕ್ಟ್ರೇ, ನೀವು ಔಷಧಿ ತಗೊಳ್ತೀರಾ ಅಂತ ಕೇಳಿದ್ರಿ. ಔಷಧಿ ತಗೊಳ್ಳಲ್ಲ. ಸೋಡಾ ತಗೊಳ್ತೀನಿ.”

“ಯಾವ ಸೋಡಾ? ಬಾಟ್ಲಿ ಸೋಡಾನಾ?”

“ಅಲ್ಲ, ಅಡುಗೆ ಸೋಡಾ. ನೀರಿಗೆ ಹಾಕ್ಕೊಂಡು.”

“ಎಷ್ಟು?”

“ಉರಿ ಎಷ್ಟಿದ್ರೆ ಅಷ್ಟು.”

ಅವರು ನಿಂತಿದ್ದವರು ಮಂಚದ ತುದಿಯಲ್ಲಿ ಕೂತುಬಿಟ್ಟರು. “ಎರಡು ಸಲ ಕೇಳಿದ್ನಲ್ಲಮ್ಮ, ಯಾಕೆ ಹೇಳ್ಲಿಲ್ಲ?”

“ಅದು ಔಷಧಿ ಅಲ್ವಲ್ಲ. ಬಿಸ್ಕತ್ತಿಗೆ ಹಾಕೋದು.”

ನನ್ನಾಣೆ, ನಾನು ಮುಚ್ಚಿಡಬೇಕೆಂದು ಸುಳ್ಳು ಹೇಳಿರಲಿಲ್ಲ. ಔಷಧಿ ಎಂದರೆ ಡಾಕ್ಟರು ಬರೆದುಕೊಡುವುದು. ಸೋಡಾ ನಮ್ಮ ಅಂಗಡಿಯ ಸಾಮಾನು. ಉಪ್ಪು ತಿನ್ನುತ್ತೀರಾ ಎಂದು ಕೇಳಿದ್ದರೆ ತಿನ್ನುತ್ತೇನೆ ಎನ್ನುತ್ತಿದ್ದೆ. ಆದರೆ ನಿನಗೆ ಮಾತ್ರ ಲೋಟದ ಕರೆ ಎಂದು ಬರೆದೆನಲ್ಲ, ಅದು ಸುಳ್ಳು. ನೀನು ಬಯ್ಯುತ್ತೀ ಎಂದು.

ಡಾಕ್ಟರು ಬಯ್ಯಲಿಲ್ಲ. ಅವರ ಮುಖ ಕೆಂಪಾಯಿತು, ಆಮೇಲೆ ನಗು ಬಂತು. “ನಾನು ಒಂದು ಕಡೆಯಿಂದ ಸರಿ ಮಾಡ್ತಾ ಬಂದೆ, ನೀವು ಇನ್ನೊಂದು ಕಡೆಯಿಂದ ಕೆಡಿಸ್ತಾ ಬಂದ್ರಿ. ವಾಂತಿಯಾಗಿ ಹೊಟ್ಟೆಯ ಹುಳಿ ಆಚೆ ಹೋಗ್ತಿದೆ, ಮೇಲಿಂದ ನೀವು ಸೋಡಾ ಸುರೀತಿದೀರಿ. ಬೆರಳು ಸೆಟೆದುಕೊಂಡಿದ್ದೂ ಅದಕ್ಕೇ. ಒಂದಿನ ಹೃದಯಾನೂ ಹಾಗೇ ಸೆಟೆದು ನಿಂತಿರೋದು” ಎಂದರು. ಸಿಸ್ಟರ್ ಬಂದು ದೊಡ್ಡ ಡಬ್ಬಿಯನ್ನು ಕಳ್ಳಮಾಲಿನ ಹಾಗೆ ಎತ್ತಿಕೊಂಡು ಹೋದರು.

ಸೋಡಾ ಇಲ್ಲದೆ ಕಳೆದ ಈ ದಿನಗಳನ್ನು ನಾನು ಮರೆಯುವುದಿಲ್ಲ. ಮೂಗಿನ ಕೊಳವೆಯಿಂದ ಹೊಟ್ಟೆಯದನ್ನೆಲ್ಲ ಹೊರಗೆ ತೆಗೆಯುತ್ತಾರೆ, ಸೂಜಿ ಮದ್ದು ಕೊಡುತ್ತಾರೆ, ಆದರೂ ಉರಿ ಉರಿಯೇ. ಹಲ್ಲು ಕಚ್ಚಿಕೊಂಡು ಮಲಗಿದ್ದೇನೆ. ಬೆರಳು ಮಾತ್ರ ಸಡಿಲವಾಗಿವೆ, ನೋಡು, ಅಕ್ಷರ ನೆಟ್ಟಗೆ ಬಂದಿದೆ.

ಯಾಕೆ ಇಷ್ಟು ವರ್ಷ ಹೇಳಲಿಲ್ಲ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಭಾವ ಹೋದ ಮೇಲೆ ನಾನು ಕೂತರೆ ಅಂಗಡಿಯೂ ಕೂರುತ್ತದೆ ಎಂದು ಹೆದರಿದ್ದೆ. ಬ್ರೆಡ್ಡು ಭಟ್ಟಿಯಿಂದ ಇಳಿಯುವವರೆಗೆ ನಿಲ್ಲಬೇಕಿತ್ತು. ಸೋಡಾ ಕುಡಿದರೆ ನಿಲ್ಲಬಹುದಿತ್ತು. ಮೇಜಿನ ಆಚೆ ನೀನಿದ್ದೀಯ ಎಂದು ನನಗೆ ತೋಚಲಿಲ್ಲ ನೋಡು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಇಪ್ಪತ್ತೊಂದಕ್ಕೆ ದಿನ ಗೊತ್ತಾಗಿದೆ. ನನಗೆ ಭಯವಾಗುತ್ತಿದೆ. ಆದರೂ ಮಾಡಿಸಿಕೊಳ್ಳುತ್ತೇನೆ. ನೀನು ಮಾತ್ರ ಬರಕೂಡದು. ಅಂಗಡಿ ಮುಚ್ಚಕೂಡದು. ಡಾಕ್ಟರಿಗೆ ನೀನು ಬರೆದ ಚಾಡಿ ಇನ್ನೂ ತಲುಪಿಲ್ಲ, ಬಂದರೆ ಸಿಸ್ಟರಿಗೆ ಹೇಳಿ ಹರಿದು ಹಾಕಿಸುತ್ತೇನೆ.

ಅಕ್ಕ


ಫೆಬ್ರವರಿ 17

ಅಕ್ಕಾ,

ಹರಿದು ಹಾಕಿಸುವ ತೊಂದರೆ ತೆಗೆದುಕೊಳ್ಳಬೇಡಿ. ಡಾಕ್ಟರಿಗೆ ನಾನು ಕಾಗದವನ್ನೇ ಬರೆದಿರಲಿಲ್ಲ. ಅವರ ಹೆಸರೂ ನನಗೆ ಗೊತ್ತಿಲ್ಲ. ಬರೆದಿದ್ದೇನೆ ಎಂದರೆ ನೀವು ರೇಗಿ ಹೇಳಿಯೇ ಹೇಳುತ್ತೀರಿ ಎಂದು ಗೊತ್ತಿತ್ತು. ನನಗೆ ಸುಳ್ಳು ಹೇಳಲು ಬರುತ್ತದೆ ಎಂದು ನೀವೇ ಬರೆದಿದ್ದಿರಲ್ಲ.

ನಿಮಗೆ ಭಯವಾಗುತ್ತಿದೆ ಎಂದು ಓದಿ ನನಗೆ ಅಳು ಬಂತು. ನಿಮ್ಮ ಬಾಯಿಂದ ಆ ಮಾತು ಒಮ್ಮೆಯೂ ಕೇಳಿರಲಿಲ್ಲ. ಇವರಿಗೆ ಓದಿ ಹೇಳಿದೆ, ಇವರು ವ್ಯಾನು ತೊಳೆಯುವ ನೆಪದಲ್ಲಿ ಎದ್ದು ಹೋಗಿ ಬಹಳ ಹೊತ್ತು ತೊಳೆದರು. ಅದು ಬೆಳಿಗ್ಗೆಯೇ ತೊಳೆದಿದ್ದ ವ್ಯಾನು.

ಇಪ್ಪತ್ತೊಂದಕ್ಕೆ ಎಷ್ಟು ಹೊತ್ತಿಗೆ? ನಾನು ಆ ಹೊತ್ತಿಗೆ ನಾದುತ್ತಿರುತ್ತೇನೆ. ನಿಮಗಾಗಿ ದೇವರನ್ನು ಕೇಳಿಕೊಳ್ಳುವುದು ನಿಮಗೆ ಇಷ್ಟವಾಗದಿದ್ದರೂ ಕೇಳಿಕೊಳ್ಳುತ್ತೇನೆ. ಧೈರ್ಯವಾಗಿ ಹೋಗಿ.

ನಿಮ್ಮ ತಂಗಿ


ಫೆಬ್ರವರಿ 27

ತಂಗಿ,

ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ. ಆಯಿತು. ಬದುಕಿದ್ದೇನೆ. ನರ ಕತ್ತರಿಸಿದರು, ಹೊಸ ಬಾಯಿ ಜೋಡಿಸಿದರು. ಮೂಗಿಗೊಂದು ಕೊಳವೆ, ಪಕ್ಕೆಗೊಂದು ಕೊಳವೆ. ಹೊಟ್ಟೆಯ ಹಳೆಯ ಉರಿ ಇಲ್ಲ. ಅದು ಇಲ್ಲದಿರುವುದೇ ಒಂದು ವಿಚಿತ್ರ.

ಸ್ವಲ್ಪ ಜ್ವರವಿದೆ. ಪಕ್ಕೆಯ ಕೊಳವೆಯಲ್ಲಿ ಹಸಿರು ನೀರು ಬರುತ್ತಿದೆ. ಏನೂ ಅಲ್ಲ. ಜಾಗ ಬದಲಿಸಿ ಬೇರೆ ಕೋಣೆಗೆ ಹಾಕಿದ್ದಾರೆ, ಇಲ್ಲಿ ಯಾರನ್ನೂ ಬಿಡುವುದಿಲ್ಲ. ಏನೂ ಅಲ್ಲ.

ಹಾಸ್ಟೆಲಿಗೆ ಬ್ರೆಡ್ಡು ತಪ್ಪಿಸಬೇಡ.


ಮಾರ್ಚ್ 3, ಆಸ್ಪತ್ರೆ

ಅಕ್ಕಾ,

ನಾನು ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಮ್ಮ ನಡುವೆ ಒಂದು ಗೋಡೆ ಇದೆ ಅಷ್ಟೆ. ಒಳಗೆ ಬಿಡುವುದಿಲ್ಲ ಎಂದರು. ಕಾಗದ ಬಿಡುತ್ತೀರಾ ಎಂದೆ. ಸಿಸ್ಟರ್, ಅದೇ ನೀವು ಮೊದಲ ಕಾಗದ ಬರೆಯುವಾಗ ನಕ್ಕವರು, ತಾನೇ ಓದಿ ಹೇಳುತ್ತೇನೆ ಎಂದಿದ್ದಾರೆ. ಸಿಸ್ಟರ್, ದಯವಿಟ್ಟು ನಿಧಾನವಾಗಿ ಓದಿ. ಅವರು ಕಣ್ಣು ಮುಚ್ಚಿದರೆ ನಿದ್ದೆ ಬಂದಿದೆ ಎಂದು ನಂಬಬೇಡಿ, ಕೇಳಿಸಿಕೊಳ್ಳಲು ಇಷ್ಟವಿಲ್ಲದಾಗ ಹಾಗೆ ಮಾಡುತ್ತಾರೆ.

‘ಏನೂ ಅಲ್ಲ’ ಎಂದು ಎರಡು ಸಲ ಬರೆದಿದ್ದಿರಿ. ನೀವು ಏನೂ ಅಲ್ಲ ಎಂದರೆ ಏನು ಎಂದು ಈಗ ನನಗೆ ಗೊತ್ತು. ಕಾಗದ ಸಿಕ್ಕಿದ ದಿನವೇ ಬಸ್ಸು ಹತ್ತಿದೆ.

ದೊಡ್ಡ ಡಾಕ್ಟರನ್ನು ಕಂಡೆ. ಹೊಟ್ಟೆಗೂ ಕರುಳಿಗೂ ಜೋಡಿಸಿದ ಕಡೆ ಹೊಲಿಗೆ ಒಂದೆಡೆ ಬಿಟ್ಟಿದೆಯಂತೆ, ಒಳಗೆ ಸೋರಿ ಕೀವು ಕಟ್ಟುತ್ತಿದೆಯಂತೆ. ವಾರಗಟ್ಟಲೆ ಹೊಟ್ಟೆಗೆ ಏನೂ ಇಳಿಯದೆ ಮೈ ಸೊರಗಿದ್ದಕ್ಕೆ ಗಾಯ ಕೂಡಲಿಲ್ಲ ಎಂದರು. ಈ ರೋಗಕ್ಕೆ ಕತ್ತಿ ಹಾಕಿದಾಗ ಕೆಲವರಿಗೆ ಹೀಗಾಗುವುದುಂಟಂತೆ. ಮತ್ತೆ ತೆರೆದು ತೊಳೆದು, ಬಿಟ್ಟ ಕಡೆ ಮತ್ತೆ ಹೊಲಿಗೆ ಹಾಕಬೇಕು. ಕೆಳಗಿನ ಕರುಳಿಗೆ ಸಣ್ಣ ಕೊಳವೆ ಇಟ್ಟು ಅದರಿಂದಲೇ ಊಟ ಕೊಟ್ಟು ಗಾಯ ಮಾಗುವವರೆಗೆ ಕಾಯಬೇಕು. ಇವತ್ತು ಸಂಜೆಯೊಳಗೆ ಆಗಬೇಕು, ನಾಳೆಗೆ ತಡವಾಗುತ್ತದೆ.

ನೀವು ಒಪ್ಪುತ್ತಿಲ್ಲವಂತೆ. “ಮತ್ತೆ ಮತ್ತೆ ಕೊಯ್ಯೋಕೆ ನಾನೇನು ಬ್ರೆಡ್ಡಾ?” ಎಂದಿರಂತೆ. ಡಾಕ್ಟರು ಹೇಳುವಾಗ ನನಗೆ ನಗು ಬಂತು, ನಗುತ್ತಲೇ ಅಳು ಬಂತು. ಅವರು, “ಮನೆಯೋರು ನೀವು, ನೀವಾದ್ರೂ ಹೇಳಿ. ಅವರು ಹೂಂ ಅನ್ನದೆ ನಾನು ಮುಟ್ಟಲ್ಲ” ಎಂದರು.

ಅದಕ್ಕೇ ಹೇಳುತ್ತಿದ್ದೇನೆ. ಹೂಂ ಅನ್ನಿ.

ಸಾಕಾಗಿದೆ ಎಂದು ನೀವು ಹೇಳಬಹುದು. ನಿಮಗೆ ಸಾಕಾಗಿರುವುದು ನಿಜ. ಇಷ್ಟು ವರ್ಷ ಒಬ್ಬರೇ ತಡೆದುಕೊಂಡರೆ ಯಾರಿಗೆ ಸಾಕಾಗುವುದಿಲ್ಲ? ಆದರೆ ಈ ಸಲ ಒಬ್ಬರೇ ಅಲ್ಲ. ನಿಮ್ಮ ನೋವನ್ನು ನಾನು ಹೊರಲಾರೆ, ಅದು ಗೊತ್ತು. ಆದರೆ ಮೂಗಿನ ಕೊಳವೆ ತೆಗೆದ ದಿನ ಮೊದಲ ಚಮಚ ನೀರು ಕುಡಿಸಲು ಇರುತ್ತೇನೆ. ನೀವು ಸಿಸ್ಟರನ್ನು ಬಯ್ದಾಗ ಹೊರಗೆ ಹೋಗಿ ಸಮಾಧಾನ ಹೇಳಲು ಇರುತ್ತೇನೆ. ಉರಿಯುತ್ತಿದ್ದರೆ ಉರಿಯುತ್ತಿದೆ ಎಂದು ನನ್ನ ಹತ್ತಿರ ಹೇಳಿ, ಬಯ್ದೇ ಹೇಳಿ. ಇನ್ನು ಮೇಲೆ ಭಟ್ಟಿಯ ಹಿಂದೆ ಹೋಗಬೇಡಿ ಅಕ್ಕ.

ನಿಮ್ಮ ಬ್ರೆಡ್ಡಿನ ಗುಟ್ಟು ಕಲಿಯಲು, ನಿಮ್ಮ ಅಂಗಡಿ ಉಳಿಸಲು ಬಂದೆ ಎಂದು ತಿಳಿಯಬೇಡಿ. ಬ್ರೆಡ್ಡು ಮಾಡಲು ನನಗೆ ಬರುತ್ತದೆ. ಅಂಗಡಿಯೂ ನಡೆಯುತ್ತದೆ. ನೀವಿಲ್ಲದಿದ್ದರೂ ಎಲ್ಲವೂ ನಡೆಯುತ್ತದೆ ಎಂದು ಈ ಎರಡು ತಿಂಗಳಲ್ಲಿ ತಿಳಿಯಿತು. ನೀವು ಬೇಕು, ಅದಕ್ಕೆ ಬಂದೆ.

ಸಂಜೆಯವರೆಗೆ ಈ ಬೆಂಚು ಬಿಟ್ಟು ಏಳುವುದಿಲ್ಲ. ಸಿಸ್ಟರ್ ಹೊರಗೆ ಬಂದಾಗ ನಿಮ್ಮ ಉತ್ತರ ಅವರ ಮುಖದಲ್ಲೇ ಗೊತ್ತಾಗುತ್ತದೆ.

ನಿಮ್ಮ ತಂಗಿ


ಮಾರ್ಚ್ 8

ತಂಗಿ,

ಸಿಸ್ಟರ್ ಪೆನ್ಸಿಲು ಕೊಟ್ಟಿದ್ದಾರೆ, ಚಿಕ್ಕದಾಗಿ ಬರೆಯಿರಿ ಎಂದಿದ್ದಾರೆ. ನಿನ್ನ ಕಾಗದವನ್ನು ಅವರು ಆವತ್ತು ಒಂದು ಸಲ ಓದಿದರು, ಇವತ್ತು ಇನ್ನೊಂದು ಸಲ ಓದಿಸಿಕೊಂಡೆ.

ಡಾಕ್ಟರು ಬೆಳಿಗ್ಗೆ ನೋಡಿ, ಸೋರುವುದು ನಿಂತಿದೆ, ಜ್ವರ ಇಳಿದಿದೆ ಎಂದರು. ಕರುಳಿನ ಕೊಳವೆಗೆ ಹಾಲಿನಂಥದ್ದು ಬಿಡುತ್ತಿದ್ದಾರೆ. ಬಾಯಿಗೆ ಇನ್ನೂ ಏನೂ ಇಲ್ಲ. ಇಲ್ಲಿ ಬಹಳ ದಿನ ಇರಬೇಕಂತೆ. ಇರುತ್ತೇನೆ.

ಪಕ್ಕೆಯಲ್ಲಿ ತುಂಬಾ ನೋವಿದೆ. ಹೇಳು ಎಂದೆಯಲ್ಲ, ಹೇಳಿದ್ದೇನೆ.

ನೀನು ಇನ್ನೂ ಬೆಂಚಿನ ಮೇಲೆಯೇ ಕೂತಿದ್ದೀಯ, ಬನ್ನು ತಿಂದು ದಿನ ದೂಡುತ್ತಿದ್ದೀಯ ಎಂದು ಸಿಸ್ಟರ್ ಹೇಳಿದರು. ಬರಕೂಡದು ಎಂದು ಸ್ಪಷ್ಟವಾಗಿ ಬರೆದಿದ್ದೆ. ಅಂಗಡಿ ಬಿಟ್ಟು ಬಂದದ್ದು ದೊಡ್ಡ ತಪ್ಪು.

ಹೋಗಬೇಡ.